ಮುಂಗಡ ಕಟ್ಟಿ ನೋಡಿದ ಸಮುದ್ರ

ಇಂಡಿಯವರು ಮುಂಬೈಗೆ ಹೊರಟರೆ ಸೊಲ್ಲಾಪುರದ ದಿಕ್ಕಿಗೆ ಮುಖ ಮಾಡುತ್ತಾರೆ. ನಾನು ಬೆನ್ನು ಮಾಡಿ ಹೊರಟೆ. ಬೆಳಗಿನ ಬಸ್ಸಿಗೆ ಸಿಂದಗಿ, ಅಲ್ಲಿಂದ ತಾಳಿಕೋಟೆಯ ಮೇಲೆ ನಾಲತವಾಡ. ಅಲ್ಲಿ ನಮ್ಮ ಅಕ್ಕ ಕಾಶವ್ವ ಇದ್ದಾಳೆ. ನಾನೇ ಹೋಗಿ ಎದುರಿಗೆ ನಿಂತು ಹೊರಡಿಸದಿದ್ದರೆ ಆಕೆ ಬರುವವಳಲ್ಲ ಎಂಬುದು ನನಗೆ ಗೊತ್ತಿತ್ತು. ಜನವರಿಯ ಚಳಿ. ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಬಿಸಿ ಮಿರ್ಚಿಯ ಜೊತೆ ಚುರಮುರಿ ತಿಂದು ಚಹಾ ಕುಡಿದೆ. ದಾರಿಯ ಎರಡೂ ಕಡೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಆದ್ದರಿಂದ ಮಧ್ಯಾಹ್ನದವರೆಗೆ ನನ್ನ ಖರ್ಚು ಬರೀ ಮಿರ್ಚಿಯದ್ದು.

ನಾನು ದಾದಿಯಾಗಿದ್ದವಳು. ನನ್ನ ನೌಕರಿಯೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲೇ ತಿರುಗಿತು. ನಿವೃತ್ತಿಯಾದ ಮೇಲೆ ಒಮ್ಮೆ ಹಡಗಿನಲ್ಲಿ ಹೋಗಬೇಕು, ಅಕ್ಕನನ್ನೂ ಕರೆದೊಯ್ಯಬೇಕು ಎಂದು ಹಟ ಹಿಡಿದಿದ್ದೆ. ಹಟಕ್ಕೆ ಕಾರಣವಿತ್ತು. ನಾವು ಹುಟ್ಟಿದ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದೆ. ನಾನು ಆಗಲೇ ನೌಕರಿಯ ಊರು ಸೇರಿದ್ದೆ. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ಆಕೆ ಅದೇ ಊರಿನಲ್ಲಿ ಸಂಸಾರ ಮಾಡುತ್ತಿದ್ದಳು. ಕಣಕ್ಕೆ ನೀರು ಬರುವವರೆಗೂ ಆಕೆ ಕದಲಲಿಲ್ಲ. ಕೊನೆಗೆ ತಲಬಾಗಿಲ ಚೌಕಟ್ಟು ಕೀಳಿಸಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಾಲತವಾಡಕ್ಕೆ ಬಂದಳು. ಮಾವ ಅಲ್ಲಿಯೇ ತೀರಿಕೊಂಡರು. ಅಂದಿನಿಂದ ಆಕೆ ದೊಡ್ಡ ನೀರನ್ನು ನೋಡುವುದೇ ಇಲ್ಲ. ಹಿನ್ನೀರಿನ ಬದಿಗೆ ಬಸ್ಸು ಬಂದರೆ ಸೆರಗು ಮುಖದ ಮೇಲೆ ಎಳೆದುಕೊಳ್ಳುತ್ತಾಳೆ.

ಮುಂಬೈಯಿಂದ ಲಕ್ಷದ್ವೀಪದ ಒಂದು ದ್ವೀಪಕ್ಕೆ ಹೋಗಿ ಬರುವ ಹಡಗು ಅದು. ವಿಜಯಪುರದ ಏಜೆಂಟನೊಬ್ಬ ಎಲ್ಲವನ್ನೂ ಬಿಡಿಸಿ ಹೇಳಿದ್ದ. ಕೋಣೆ ಮತ್ತು ಊಟ ಟಿಕೆಟ್ಟಿನಲ್ಲೇ ಬರುತ್ತದೆ. ದಡಕ್ಕಿಳಿದು ದ್ವೀಪ ನೋಡುವುದು, ಗಾಜಿನ ತಳದ ದೋಣಿ, ತಂಪು ಪಾನೀಯ, ಇಂಟರ್‌ನೆಟ್ ಇವೆಲ್ಲ ಬೇರೆ. ಹಡಗು ಹತ್ತಿದ ಮೇಲೆ ಕೊಂಡರೆ ದುಬಾರಿ, ಮೊದಲೇ ಕಟ್ಟಿದರೆ ಸೋವಿ. ನಾನು ಎಲ್ಲಕ್ಕೂ ಮೊದಲೇ ಕಟ್ಟಿದೆ, ಸೋವಿಗಾಗಿ ಅಲ್ಲ. ಕಟ್ಟಿದ ಹಣವನ್ನು ಅಕ್ಕ ಯಾವತ್ತೂ ಹಾಳುಮಾಡುವವಳಲ್ಲ, ಅದಕ್ಕಾಗಿ ಕಟ್ಟಿದೆ. ಗಾಜಿನ ದೋಣಿಗೆ ಇಬ್ಬರ ಹೆಸರನ್ನೂ ಬರೆಸಿದೆ.

ನಾನು ಮನೆ ಮುಟ್ಟಿದಾಗ ಅಕ್ಕ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು.

"ನಾ ಬರೂದಿಲ್ಲ ಸುಮಿತ್ರಿ. ಎಮ್ಮಿ ಈದೈತಿ."

"ಎಮ್ಮಿನ್ನ ಸೊಸಿ ನೋಡ್ಕೊತಾಳ. ರೊಕ್ಕ ಕಟ್ಟಾಗೈತಿ ಅಕ್ಕ. ವಾಪಸ್ ಬರೂದಿಲ್ಲ."

"ಯಾರು ಕಟ್ಟು ಅಂದ್ರ ನಿನಗ?"

"ಯಾರೂ ಅನ್ಲಿಲ್ಲ. ಕಟ್ಟೇನಿ."

ಆಕೆ ಹಿಂಡಿಯ ಕೈ ತೊಳೆದುಕೊಂಡು ನನ್ನ ಮುಖವನ್ನೇ ನೋಡಿದಳು. "ಹುಚ್ಚಿ ಅದಿ ನೀ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಬುತ್ತಿ ಕಟ್ಟುತ್ತಿದ್ದಾಳೆ ಎಂದರೆ ಹೊರಟಳು ಎಂದೇ ಅರ್ಥ.

ಮರುದಿನ ಮುದ್ದೇಬಿಹಾಳ, ಬಸವನ ಬಾಗೇವಾಡಿ ದಾಟಿ ವಿಜಯಪುರ ಸೇರಿದೆವು. ಸಂಜೆಯ ರೈಲು. ಒಂದು ಸುತ್ತು ಹಾಕಿ ಬಂದವಳನ್ನು ಇಂಡಿ ರೋಡ್ ಸ್ಟೇಶನ್ನು ಕತ್ತಲಲ್ಲಿ ನೋಡಿತು.

ಮುಂಬೈಯಲ್ಲಿ ಹಡಗಿನ ನಿಲ್ದಾಣದ ಬಾಗಿಲಲ್ಲೇ ಮೊದಲ ಪೆಟ್ಟು ಬಿತ್ತು. ಹೊರಗಿನ ಅಡುಗೆಯನ್ನು ಒಳಗೆ ಬಿಡುವುದಿಲ್ಲ ಎಂದರು. ಖಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಮೆಣಸಿನ ಚಟ್ನಿಯ ಗಂಟನ್ನು ಅಕ್ಕ ಎದೆಗೆ ಒತ್ತಿಕೊಂಡು ನಿಂತಳು. ಕೊನೆಗೆ ಹೊರಗಿನ ಬೆಂಚಿನ ಮೇಲೆ ಕುಳಿತು ಹೊಟ್ಟೆ ಬಿರಿಯುವಂತೆ ತಿಂದೆವು. ಉಳಿದದ್ದನ್ನು ಸಾಮಾನು ಹೊರುವವನೊಬ್ಬ ಸಂತೋಷದಿಂದ ತೆಗೆದುಕೊಂಡ. ಈ ನಿಯಮವನ್ನು ನನ್ನ ಏಜೆಂಟ ಹೇಳಿರಲಿಲ್ಲ. ನೀವು ಹೊರಡುವುದಾದರೆ ಕೇಳಿಕೊಳ್ಳಿ.

ನಮ್ಮದು ಕಿಟಕಿಯಿಲ್ಲದ ಕೋಣೆ, ಎಲ್ಲಕ್ಕಿಂತ ಅಗ್ಗದ್ದು. ನನಗೆ ಬೇಸರವಾಯಿತು, ಅಕ್ಕನಿಗೆ ಅದೇ ಹಿಡಿಸಿತು. "ಚಲೋ ಆತು. ನೀರ ಕಾಣೂದಿಲ್ಲ" ಎಂದಳು. ಮರುದಿನವಿಡೀ ಹಡಗು ಸಮುದ್ರದ ಮೇಲೆಯೇ ಇತ್ತು. ಜನ ಮೇಲಿನ ಅಂತಸ್ತಿಗೆ ಹೋಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಕ್ಕ ಕೋಣೆಯಿಂದ ಊಟದ ಮನೆಗೆ, ಊಟದ ಮನೆಯಿಂದ ಕೋಣೆಗೆ ಗೋಡೆ ಹಿಡಿದುಕೊಂಡು ನಡೆದಳು.

ಮುಂಗಡ ಕಟ್ಟಿದ ಇಂಟರ್‌ನೆಟ್ಟನ್ನು ಆಕೆ ಎಮ್ಮೆ ನೋಡಲು ಬಳಸಿದಳು. ಸೊಸೆ ಫೋನನ್ನು ಗೋದಲಿಯ ಹತ್ತಿರ ಹಿಡಿದಳು. "ಯಾಕ ಸೊರಗೈತಿ? ಹತ್ತಿಕಾಳು ಇಟ್ಟಿ ಇಲ್ಲ?" ಎಂದು ಅಕ್ಕ ನಡುಸಮುದ್ರದಿಂದ ಗದರಿಸಿದಳು. ತಂಪು ಪಾನೀಯದ ಚೀಟಿಗೆ ನಿಂಬೆ ಶರಬತ್ತು ತರಿಸಿದೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಇದು ಇಂಡಿ ಲಿಂಬಿ ಅಲ್ಲ. ಬಾಟ್ಲಿದು." ನಿಜಕ್ಕೂ ಬಾಟಲಿಯದ್ದೇ ಇತ್ತು. ಪಾನೀಯದ ಹಣ ನನ್ನ ಮಟ್ಟಿಗೆ ದಂಡ.

ದ್ವೀಪ ಮುಟ್ಟುವ ದಿನ ಬೆಳಿಗ್ಗೆ ನಾವು ಸ್ನಾನ ಮುಗಿಸಿ ತಯಾರಾಗಿ ಕುಳಿತಿದ್ದೆವು. ಕೋಣೆಯ ಧ್ವನಿವರ್ಧಕ ಗುರುಗುಟ್ಟಿತು. ಗಾಳಿ ಎದ್ದಿದೆ, ಅಲೆ ದೊಡ್ಡದಿದೆ, ಬೆಳಗಿನ ತಂಡದ ದೋಣಿಗಳು ರದ್ದಾಗಿವೆ. ನಮ್ಮದು ಬೆಳಗಿನ ತಂಡ.

ಅಕ್ಕ ಚಪ್ಪಲಿ ಕಳಚಿ ಮಂಚದ ಮೇಲೆ ಕಾಲು ಮಡಿಸಿ ಕುಳಿತಳು. "ದೇವ್ರು ಬ್ಯಾಡ ಅಂದಾನ. ಬಿಡು."

"ದೇವ್ರು ಅಂದಿಲ್ಲ, ಗಾಳಿ ಅಂದೈತಿ. ನಾ ಕೇಳಿ ಬರ್ತೇನಿ."

ಪ್ರವಾಸದ ಕೌಂಟರಿನ ಮುಂದೆ ದೊಡ್ಡ ಸಾಲು. ನನ್ನ ಸರದಿ ಬಂದಾಗ ಅಲ್ಲಿದ್ದ ಹುಡುಗಿ ಹಿಂದಿಯಲ್ಲಿ, ನಿಮ್ಮ ಹಣ ಹಡಗಿನಲ್ಲಿರುವ ನಿಮ್ಮ ಖಾತೆಗೆ ಜಮೆಯಾಗುತ್ತದೆ, ಇಲ್ಲಿಯೇ ಏನಾದರೂ ಕೊಳ್ಳಬಹುದು, ಮಸಾಜು ಮಾಡಿಸಿಕೊಳ್ಳಬಹುದು ಎಂದಳು. ನನಗೆ ಮಸಾಜು ಬೇಡ, ಮಧ್ಯಾಹ್ನದ ದೋಣಿಯಲ್ಲಿ ಜಾಗ ಬೇಕು ಎಂದೆ. ಮಧ್ಯಾಹ್ನದ್ದು ತುಂಬಿದೆ ಎಂದಳು. ನಾನು ಪಕ್ಕಕ್ಕೆ ಸರಿದು ನಿಂತೆ. ಜಗಳವಾಡಲಿಲ್ಲ, ಹೋಗಲೂ ಇಲ್ಲ. ಆಸ್ಪತ್ರೆಯಲ್ಲಿ ಇಂಥ ಎಷ್ಟೋ ಜನರನ್ನು ನಾನೇ ಕಂಡಿದ್ದೆ. ಬೈಯುವವರನ್ನು ಕಳಿಸಿಬಿಡಬಹುದು, ಸುಮ್ಮನೆ ನಿಂತವರನ್ನು ಕಳಿಸುವುದು ಕಷ್ಟ.

ಸಾಲು ಕರಗುತ್ತ ಬಂತು. ಕಾಲು ನೋಯತೊಡಗಿ ನಾನು ಬಾಯೊಳಗೇ "ಶಿವನೇ" ಎಂದೆ. ಹುಡುಗಿ ತಲೆ ಎತ್ತಿದಳು.

"ಕನ್ನಡದವರೇನ್ರಿ?"

"ಹೌದವ್ವ. ಇಂಡಿ."

"ನಾವು ಸೊಲ್ಲಾಪುರದವರ್ರಿ. ಮನ್ಯಾಗ ಕನ್ನಡನ ಮಾತಾಡ್ತೇವಿ." ಆಕೆ ಸ್ವಲ್ಪ ಮುಂದಕ್ಕೆ ಬಾಗಿದಳು. "ಮೌಶಿ, ಇಷ್ಟ್ಯಾಕ ಹಟ ಮಾಡಾಕತ್ತೀರಿ? ನಿಮ್ಮ ರೊಕ್ಕ ಎಲ್ಲೂ ಹೋಗೂದಿಲ್ಲ."

"ರೊಕ್ಕದ ಮಾತಲ್ಲವ್ವ. ನಮ್ಮೂರ ನೀರಾಗ ಮುಳಗೇತಿ. ನಮ್ಮ ಅಕ್ಕ ಅವತ್ತಿನಿಂದ ನೀರ ಕಡೆ ನೋಡಿಲ್ಲ. ಒಮ್ಮೆ ನೀರಿನ ಕೆಳಗ ಏನಿರತೈತಿ ಅಂತ ಆಕಿ ನೋಡ್ಲಿ. ಮತ್ತ ಇಲ್ಲೀತನ ಕರ್ಕೊಂಡು ಬರೂದು ನನ್ನ ಕೈಲೆ ಆಗೂದಿಲ್ಲ."

ಹುಡುಗಿ ಯಾರಿಗೋ ಫೋನು ಮಾಡಿದಳು, ಇಟ್ಟಳು. "ಜಾಗ ನಾ ಕೊಡಾಕ ಬರೂದಿಲ್ರಿ. ಇದ್ದದ್ದು ಹೇಳ್ತೇನಿ. ಕೆಳಗಿನ ಬಾಗಲದಾಗ ಅಲೆ ನೋಡಿ ಹೆದರಿ ಹೊಳ್ಳಿ ಹೋಗೋರು ಇರ್ತಾರ. ನೀವು ಅಲ್ಲಿ ಹೋಗಿ ನಿಲ್ರಿ. ಜಾಗ ಉಳದ್ರ ನಿಮಗ ಕೊಡ್ರಿ ಅಂತ ಹೇಳಿ ಇಟ್ಟೇನಿ."

ತಿರುಗಿದರೆ ಮೆಟ್ಟಿಲ ಹತ್ತಿರ ಅಕ್ಕ ಗೋಡೆಗೊರಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ, ಏನೇನು ಕೇಳಿಸಿಕೊಂಡಳೋ ನನಗೆ ತಿಳಿಯಲಿಲ್ಲ. "ಊಟಕ್ಕ ಬಾ" ಎಂದಳು ಅಷ್ಟೆ. ಅನ್ನ ಸಾರು ಉಂಡು ಇಬ್ಬರೂ ಕೆಳಗಿಳಿದೆವು.

ಹಡಗಿನ ಹೊಟ್ಟೆಯ ಪಕ್ಕದಲ್ಲೊಂದು ದೊಡ್ಡ ಕಬ್ಬಿಣದ ಬಾಗಿಲು. ಅದರಾಚೆ ದಡಕ್ಕೆ ಒಯ್ಯುವ ದೋಣಿ ಏಳುತ್ತಿತ್ತು, ಬೀಳುತ್ತಿತ್ತು. ಬಾಗಿಲಿಗೂ ದೋಣಿಗೂ ನಡುವೆ ಒಂದು ಮಾರು ನೀರು ಒಮ್ಮೆ ಬಾಯಿ ತೆರೆದು ಒಮ್ಮೆ ಮುಚ್ಚುತ್ತಿತ್ತು. ಇಬ್ಬರು ನಾವಿಕರು ಜನರ ತೋಳು ಹಿಡಿದು, ದೋಣಿ ಮೇಲೆ ಬಂದಾಗ "ಈಗ" ಎಂದು ದಾಟಿಸುತ್ತಿದ್ದರು. ಹುಡುಗಿ ಹೇಳಿದಂತೆಯೇ ಆಯಿತು. ಒಬ್ಬ ಹೆಂಗಸು ಬಾಗಿಲವರೆಗೆ ಬಂದು ಅಳುತ್ತ ಹಿಂದೆ ಸರಿದಳು, ಗಂಡನೂ ಅವಳೊಂದಿಗೆ ಮೇಲೆ ಹೋದ. ನಾವಿಕ ನಮ್ಮಿಬ್ಬರ ಕಡೆಗೆ ಕೈ ಮಾಡಿದ.

ಅಕ್ಕನ ಕೈ ಹಿಡಿದೆ. ಆಕೆ ಇನ್ನೊಂದು ಕೈಯಿಂದ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಜೀವಮಾನವೆಲ್ಲ ಇಂಥ ಕೈಗಳನ್ನು ಹಿಡಿದವಳು ನಾನು, ಯಾವ ಹೆದರಿಕೆ ತೋರಿಕೆಯದು, ಯಾವುದು ಒಳಗಿನದು ಎಂಬುದು ನನಗೆ ಗೊತ್ತು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನನ್ನ ಹಟ ಆ ಬಾಗಿಲಲ್ಲಿ ಸಡಿಲಿತು.

"ಬ್ಯಾಡ ಅಕ್ಕ. ನಡಿ, ಮ್ಯಾಲ ಹೋಗೂಣು. ನಂದ ತಪ್ಪಾತು."

ಅಕ್ಕ ಸೆರಗು ಸರಿಸಿ ನನ್ನನ್ನು ದುರುಗುಟ್ಟಿ ನೋಡಿದಳು. "ಮುಂಜಾನಿಂದ ಕಾಲ ಕಡದು ಹೋಗೂಹಂಗ ಯಾಕ ನಿಂತಿ ಹಂಗಾರ? ಮಂದಿ ಮುಂದೆಲ್ಲ ನನ್ನ ಸುದ್ದಿ ಹೇಳಿ, ಈಗ ಬ್ಯಾಡ ಅಂತೀ?"

ನನ್ನ ಕೈ ಬಿಡಿಸಿಕೊಂಡು, ಹೊಲಕ್ಕಿಳಿಯುವವಳಂತೆ ಸೀರೆಯ ನಿರಿಗೆ ಎತ್ತಿ ಹಿಂದಕ್ಕೆ ಸಿಕ್ಕಿಸಿ ಕಚ್ಚೆ ಹಾಕಿದಳು. ನಾವಿಕ "ಈಗ" ಎನ್ನುವುದಕ್ಕೂ ಕಾಯದೆ ದೋಣಿ ಮೇಲೆ ಬಂದದ್ದು ನೋಡಿ ದಾಟಿಬಿಟ್ಟಳು. ಎರಡನೆಯವಳಾಗಿ ದಾಟಿದ ನಾನೇ ಮುಗ್ಗರಿಸಿದೆ.

ಹವಳದ ದಿಬ್ಬ ದಾಟಿ ಒಳಗೆ ಹೋದರೆ ನೀರು ಕೆರೆಯಂತೆ ಶಾಂತ. ಬಣ್ಣ ಮಾತ್ರ ಯಾವ ಕೆರೆಯಲ್ಲೂ ಇಲ್ಲದ್ದು, ಎಳೆಯ ಬಾಳೆ ಸುಳಿಯಂಥ ಹಸಿರು. ಅಲ್ಲಿ ನಮ್ಮನ್ನು ಗಾಜಿನ ದೋಣಿಗೆ ಹತ್ತಿಸಿದರು. ನಡುವೆ ಉದ್ದನೆಯ ಗಾಜು, ಸುತ್ತ ಹಲಗೆ, ಹಲಗೆಯ ಮೇಲೆ ನಾವು. ನಡೆಸುವವನು ಆ ದ್ವೀಪದ ಮಧ್ಯವಯಸ್ಸಿನ ಮನುಷ್ಯ, ಮುರುಕು ಹಿಂದಿ ಆಡುತ್ತಿದ್ದ. ಎಲ್ಲರೂ ಬಗ್ಗಿ ಕೂಗಾಡುತ್ತಿದ್ದರು. ಅಕ್ಕ ಹಲಗೆಯನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದಳು. ನಾನು ಹೇಳುವುದನ್ನೆಲ್ಲ ಹೇಳಿ ಮುಗಿಸಿದ್ದೆ.

"ಎಷ್ಟ ಆಳ ಐತಂತ ಕೇಳು" ಎಂದಳು ಕಣ್ಣು ಮುಚ್ಚಿಕೊಂಡೇ.

ಕೇಳಿದೆ. ಎರಡಾಳು ಎಂದ ದೋಣಿಯವನು.

"ಅಷ್ಟ? ನಮ್ಮ ಮನಿ ಮ್ಯಾಲ ಇದಕ್ಕಿಂತ ಹೆಚ್ಚ ಐತಿ."

ಹಾಗೆಂದವಳು ಕಣ್ಣು ತೆರೆದು ಬಗ್ಗಿದಳು. ಕೆಳಗೆ ಬಿಳಿ ಮರಳಿನ ಮೇಲೆ ಬಿಸಿಲು ಬಲೆಯಂತೆ ಅಲುಗುತ್ತಿತ್ತು. ಅರಿಶಿನ ಬಣ್ಣದ ಮೀನುಗಳು ಹಿಂಡಾಗಿ ತಿರುಗಿ ಹೋದವು. ನೀರೊಳಗಿನ ಹುಲ್ಲಿನ ಬಯಲು ಬಂತು. ಅಲ್ಲೊಂದು ದೊಡ್ಡ ಆಮೆ ಯಾರ ಗೊಡವೆಯೂ ಇಲ್ಲದೆ ತಲೆ ತಗ್ಗಿಸಿ ಹುಲ್ಲು ಕೀಳುತ್ತಿತ್ತು.

"ಅಯ್ಯ! ಎಮ್ಮಿ ಮೇದಂಗ ಮೇಯಾಕತ್ತೈತಿ ನೋಡ" ಎಂದು ಅಕ್ಕ ನನ್ನ ತೊಡೆಯ ಮೇಲೆ ಹೊಡೆದಳು. ಹೊಡೆತ ಜೋರಾಗಿಯೇ ಇತ್ತು.

ಆಮೆ ಹಿಂದೆ ಉಳಿಯಿತು. ಆಕೆ, "ಇದರ ಕೆಳಗ ಯಾರದರ ಊರ ಇತ್ತೇನು ಕೇಳು" ಎಂದಳು. ದೋಣಿಯವನು ನಕ್ಕು, ಇಲ್ಲ ಅಮ್ಮ, ಇದು ಮೊದಲಿನಿಂದಲೂ ಸಮುದ್ರವೇ ಎಂದ. ಅದನ್ನು ಅಕ್ಕನಿಗೆ ಹೇಳಿದೆ.

"ಹಂಗಾರ ಇವು ಇಲ್ಲೇ ಹುಟ್ಟಿದವು. ಯಾರನ್ನೂ ಎಬ್ಬಿಸಿ ಕುಂತಿಲ್ಲ" ಎಂದಳು ಅಕ್ಕ. ಮತ್ತೆ ಬಹಳ ಹೊತ್ತಿನ ಮೇಲೆ, ಗಾಜಿನಿಂದ ಮುಖ ಎತ್ತದೆ, "ನಮ್ಮ ಅಂಗಳದಾಗೂ ಮೀನ ತಿರಗತಿರಬೇಕು" ಎಂದಳು. ದೋಣಿ ದಡಕ್ಕೆ ತಗಲುವವರೆಗೂ ಆಕೆ ಬಗ್ಗಿಯೇ ಇದ್ದಳು. ಕಣ್ಣೀರು ಬಂದಿತ್ತೋ ಇಲ್ಲವೋ ನನಗೆ ಕಾಣಲಿಲ್ಲ. ದಡದಲ್ಲಿ ಎಳನೀರು ಕುಡಿದು, ಬೆಲೆ ಕೇಳಿ, "ತುಟ್ಟಿ ಆತು" ಎಂದಳು.

ಮರಳಿ ಬರುವ ದಿನ ಸಂಜೆ ಆಕೆಯೇ ಮೇಲಿನ ಅಂತಸ್ತಿಗೆ ನಡಿ ಎಂದಳು. ಕಂಬಿ ಹಿಡಿದು ನಿಂತು ಹಡಗಿನ ಹಿಂದೆ ಉದ್ದಕ್ಕೆ ಬೀಳುತ್ತಿದ್ದ ಬಿಳಿ ನೊರೆಯನ್ನು ಕತ್ತಲಾಗುವವರೆಗೆ ನೋಡಿದಳು. ಓದುವವರಿಗೆ ನಾನು ಹೇಳುವುದಿಷ್ಟೆ: ಪಾನೀಯಕ್ಕೆ ಮುಂಗಡ ಕಟ್ಟಬೇಡಿ. ದಡಕ್ಕಿಳಿಯುವುದಕ್ಕೆ ಕಟ್ಟಿ, ಆದರೆ ದೋಣಿ ರದ್ದಾದರೆ ಏನು ಎಂಬುದನ್ನು ಕಟ್ಟುವ ಮೊದಲೇ ಬಾಯಿ ಬಿಟ್ಟು ಕೇಳಿ.

ಮುಂಬೈಯಿಂದ ಮತ್ತೆ ಅದೇ ರೈಲು. ನನ್ನ ಟಿಕೆಟ್ ಇಂಡಿ ರೋಡ್‌ವರೆಗೆ. ಅಕ್ಕ ವಿಜಯಪುರದಲ್ಲಿ ಇಳಿಯಬೇಕು, ಅಲ್ಲಿಗೆ ಅವಳ ಮಗ ಬರುವವನಿದ್ದ. ಬೆಳಗಾಗಿ ಸೊಲ್ಲಾಪುರ ದಾಟಿತು. ಅಲ್ಲಿ ಹತ್ತಿದ ಒಬ್ಬ ಹೆಂಗಸು ನಮ್ಮೆದುರಿಗೆ ಕುಳಿತು, ಚಹಾ ಕುಡಿಯುತ್ತ, "ಯಾವೂರ್ರಿ ಯಕ್ಕಾ?" ಎಂದು ಕೇಳಿದಳು. ಊರು ಬಿಟ್ಟಂದಿನಿಂದ ಯಾರು ಕೇಳಿದರೂ ಅಕ್ಕನದು ಒಂದೇ ಉತ್ತರ, ನಾಲತವಾಡ. ನನಗೆ ಬೇರೆ ಉತ್ತರ ಕೇಳಿದ ನೆನಪಿಲ್ಲ.

"ಹೊಳಿಸಂಗನಾಳ" ಎಂದಳು ಅಕ್ಕ.

"ಅದೆಲ್ಲಿ ಬರತೈತ್ರಿ?"

"ಮುದ್ದೇಬಿಹಾಳ ಕಡೆ. ಈಗ ನೀರಾಗೈತಿ. ಅಗಸಿ ಬಾಗಲ ದಾಟಿ ಊರೊಳಗ ಬಂದ್ರ ಎಡಕ್ಕ ಮೊದಲ ಬಡಿಗ್ಯಾರ ಮನಿ. ಅದರ ಮಗ್ಗಲಕ್ಕ ಒಂದು ಬೇವಿನ ಗಿಡ. ಅದರ ನೆಳ್ಳಿಗೆ ಪಂಚಾಯ್ತಿ ಕೂಡತಿತ್ತು..."

ಆ ಹೆಂಗಸು ಚಹಾ ಮರೆತು ಕೇಳುತ್ತಿದ್ದಳು. ಅಕ್ಕ ಒಂದೊಂದೇ ಮನೆ ಹೇಳುತ್ತ ಮುಂದೆ ಸಾಗಿದಳು. ಯಾರ ಮನೆಯ ಮುಂದೆ ಬಾವಿ, ಯಾರ ಹಿತ್ತಲಲ್ಲಿ ನುಗ್ಗೆ, ಯಾವ ಕಟ್ಟೆಯ ಮೇಲೆ ಮುದುಕರು ಚೌಕಾಬಾರ ಆಡುತ್ತಿದ್ದರು. ನಾನು ಮರೆತ ಹೆಸರುಗಳು ಅವಳ ಬಾಯಿಯಿಂದ ಬರುತ್ತಿದ್ದವು. ರೈಲು ನಿಧಾನವಾಯಿತು. ಹೊರಗೆ ಇಂಡಿ ರೋಡ್ ಎಂಬ ಹಳದಿ ಫಲಕ ಬಂದು ನಿಂತಿತು. ಅಕ್ಕ ಇನ್ನೂ ನಮ್ಮ ಓಣಿಗೆ ತಿರುಗಿರಲಿಲ್ಲ. ನಾನು ಇಳಿಯಲಿಲ್ಲ.