ಪಿಕಪ್ ಕಾಯಲು ಕೂತ ಎರಡು ದಿನ

ಮೊಮ್ಮಗಳು ಹೋದ ವಾರ ಪಿಕಪ್ ಓಡಿಸುವ ಲೈಸೆನ್ಸ್ ತಂದಳು! ಕೇರಿಗೆಲ್ಲ ಹೇಳಿ ಬಂದೆ, ಇನ್ನೂ ಖುಷಿ ತಡೆಯಲಾಗುತ್ತಿಲ್ಲ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ, ನಮ್ಮ ಮನೆಗೆ ಮೊದಲ ಪಿಕಪ್ ಬಂದದ್ದನ್ನು ಅವಳಿಗಾಗಿ ಬರೆದೇ ಬಿಡುತ್ತೇನೆ.

ಲಿಂಗನಮಕ್ಕಿಯ ಅಣೆಕಟ್ಟೆ ಕೆಲಸ ಮುಗಿಯುತ್ತಾ ಬಂದಿತ್ತು. ನಮ್ಮವರು ಅಲ್ಲಿ ಒಬ್ಬ ಕಂಟ್ರಾಕ್ಟರನ ಹತ್ತಿರ ಡ್ರೈವರ್. ಆತ ಎಲ್ಲೋ ದೂರದ ಅಣೆಕಟ್ಟೆಗೆ ಹೊರಟಿದ್ದ, ಇವರನ್ನೂ ಕರೆದಿದ್ದ. ನನ್ನ ಕಂಕುಳಲ್ಲಿ ಕೂಸು. ಇವರು ಹೋದರೆ ಮುಖ ನೋಡುವುದು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಕೋಣಂದೂರಿನ ಬೆಲ್ಲದ ವ್ಯಾಪಾರಿಯೊಬ್ಬರು, "ಬರೋ ಸಂತೆಗೆ ಗಾಡಿ ತಂದ್ರೆ ಬಾಡಿಗೆ ನಿಮ್ಗೇ. ಇಲ್ದಿದ್ರೆ ಬೇರೆಯವ್ರಿಗೆ" ಎಂದರು. ನನ್ನ ಎರಡೂ ಎಮ್ಮೆ ಮಾರಿ ಸಾಗರಕ್ಕೆ ಹೋದೆವು, ಹಳೆಯ ಡೀಸೆಲ್ ಪಿಕಪ್ ನೋಡಲು.

ಮಾರುವವನು ಬಹಳ ನಗುತ್ತಿದ್ದ. ನನಗೆ ಅಲ್ಲೇ ಅನುಮಾನ. ಎಮ್ಮೆಯ ಕೆಚ್ಚಲು ಮುಟ್ಟುವ ಹಾಗೆ ಬಾನೆಟ್ ಮುಟ್ಟಿದೆ. ಬಿಸಿ! ನಾವು ಬರುವ ಮೊದಲೇ ಎಂಜಿನ್ ಕಾಯಿಸಿಟ್ಟಿದ್ದ. "ತಣ್ಣಗಾದ್ಮೇಲೆ ಬರ್ತೀವಿ" ಎಂದೆ. ತಣ್ಣಗಾದ ಮೇಲೆ ಅದು ಕೆಮ್ಮಿತು, ಸ್ಟಾರ್ಟ್ ಆಗಲಿಲ್ಲ. ಬೆಲೆ ಇಳಿಸಿಕೊಂಡು, ತಳ್ಳಿಸಿಕೊಂಡು ಮೆಕ್ಯಾನಿಕ್ಕಿನ ಶೆಡ್ಡಿಗೆ ತಂದೆವು.

ಮೆಕ್ಯಾನಿಕ್ಕು ಎಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರವಿದ. ಪಕ್ಕದಲ್ಲಿ ಇನ್ನೊಂದು ಗಾಡಿಯದೂ ಹರವಿತ್ತು. ನಮ್ಮ ಒಳ್ಳೆಯದು ಅದಕ್ಕೆ, ಅದರ ಸವೆದದ್ದು ನಮಗೆ ಹಾಕಿದರೆ? ಎರಡು ದಿನ ಕೂಸನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತೆ. ಅವನು ಚಹಾಕ್ಕೆ ಹೋದಾಗಲೆಲ್ಲ ಎಲೆ ಸಂಚಿಯ ಸುಣ್ಣ ತೆಗೆದು ನಮ್ಮ ಒಂದೊಂದು ಸಾಮಾನಿಗೂ ಗುರುತಿಟ್ಟೆ. ಹೊರಗೆ ಹಚ್ಚಿದರೆ ಒರೆಸಿಬಿಟ್ಟಾನು ಅಂತ ಡೀಸೆಲ್ ಪೈಪುಗಳ ಬಾಯೊಳಗೆ ಬೆರಳು ತೂರಿಸಿ ಹಚ್ಚಿದೆ.

ಸಂತೆಯ ದಿನ ಬೆಳಿಗ್ಗೆ ಎಲ್ಲ ಜೋಡಿಸಿ ಆಯಿತು. ಎಂಜಿನ್ ಗೊರ್ ಅಂದು ಸತ್ತಿತು. ಮತ್ತೆ ಗೊರ್, ಮತ್ತೆ ಸತ್ತಿತು. ನಮ್ಮವರು ಬೀಡಿ ಹಚ್ಚಿದರು. ಇನ್ನು ಕಂಟ್ರಾಕ್ಟರನ ಹಿಂದೆ ಹೋಗಿಯೇ ಬಿಡುತ್ತಾರೆ ಅನ್ನಿಸಿತು.

"ನಮ್ ಸಾಮಾನು ಬದ್ಲಿಸಿದೀಯ! ಬಿಚ್ಚು, ಗುರ್ತು ತೋರಿಸ್ತೀನಿ" ಎಂದೆ.

"ಎಂತ ಗುರ್ತು ಅಕ್ಕಾ?" ಎನ್ನುತ್ತಾ ಪೈಪು ಬಿಚ್ಚಿ ಅಂಗೈಗೆ ಕುಟ್ಟಿದ. ಬೆಳ್ಳಗೆ ಸುಣ್ಣದ ಉಂಡೆ ಬಿತ್ತು.

"ಗುರ್ತು ಸಿಕ್ತಲ್ಲ ಅಕ್ಕಾ, ಡೀಸೆಲ್ ಹೋಗೋ ದಾರಿನೇ ಕಟ್ಟಿದೆ. ಇನ್ನು ಎಲೆ, ಅಡಿಕೆನೂ ಹಾಕಿದ್ರೆ ಗಾಡಿ ಬಾಯಿ ಕೆಂಪಾಗ್ತಿತ್ತು!"

ನಮ್ಮವರು ನನ್ನನ್ನು ದುರುಗುಟ್ಟಿ ನೋಡಿದರು, ಆಮೇಲೆ ಕೆಮ್ಮು ಬರುವಷ್ಟು ನಕ್ಕರು. ಮೂವರೂ ಕೂತು ಪೈಪು ತೊಳೆದೆವು. ಬದಲಿಸಿದ್ದು ಒಂದೂ ಇರಲಿಲ್ಲ; ಎಲ್ಲದರಲ್ಲೂ ನನ್ನ ಸುಣ್ಣವೇ. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಸ್ಟಾರ್ಟ್ ಆಗಿ ನಿಲ್ಲದೆ ಓಡಿತು. ಶೆಡ್ಡಿನ ತಗಡೆಲ್ಲ ನಡುಗಿತು.

ಬೆಲ್ಲದ ವ್ಯಾಪಾರಿ ಬೇರೆಯವರನ್ನು ಹುಡುಕುವ ಮೊದಲು ಸಂತೆ ಮುಟ್ಟಬೇಕಿತ್ತು. ಹೊಸನಗರ ದಾಟುವುದರೊಳಗೆ ನಾನು ಕೇಳಿದೆ, "ಆ ಕಂಟ್ರಾಕ್ಟರ ಸಂಗ್ಡ ಹೋಗಲ್ಲ ತಾನೆ?"

"ಇಲ್ಲ ಮಾರಾಯ್ತಿ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದೆ. ಮೂರನೇ ಸಲಕ್ಕೆ ಅವರು, "ಗಾಡಿ ಓಡಿಸ್ಲಾ, ನಿಲ್ಸಿ ಆಣೆ ಮಾಡ್ಲಾ?" ಎಂದರು.

"ಓಡಿಸ್ತಾನೇ ಮಾಡಿ" ಎಂದೆ.