ಬೀರುವಿನ ಬೀಗ ತೆಗೆದ ನರ್ಸಮ್ಮ

ಅವರ ಮುಖಕ್ಕಿಂತ ಮೊದಲು ನಾನು ಕಾಲು ನೋಡಿದೆ. ಹೆರಿಗೆ ಕೋಣೆಯ ಮರೆಗೆ ಕಟ್ಟಿದ್ದ ಹಸಿರು ಬಟ್ಟೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂಗಳು ಬಂದು ನಿಂತವು. ಎಡಗಾಲಿನದಕ್ಕೆ ಕಿರುಬೆರಳ ಬಳಿ ಕತ್ತರಿಯಿಂದ ತೂತು ಮಾಡಿದ್ದರು, ಆಣಿ ಒತ್ತದಿರಲೆಂದು. "ಒಳಗೆ ಬರ್ಲಾ ತಾಯಿ?" ಎಂದರು. ಆಸ್ಪತ್ರೆ ಅವರದು, ಅಪ್ಪಣೆ ಕೇಳಿದ್ದು ನನ್ನನ್ನು.

ಐವತ್ತರ ದಶಕದ ಮಾತಿದು. ಗುಂಡ್ಲುಪೇಟೆಯ ಆ ಪುಟ್ಟ ಹೆರಿಗೆ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ನರ್ಸಮ್ಮ. ಮಲಯಾಳದ ಕಡೆಯ ಕ್ರೈಸ್ತರು. ಸೊಪ್ಪು ಮಾರುವವಳಿಗೂ ಕೂಲಿಯವಳಿಗೂ 'ನೀವು' ಎನ್ನುತ್ತಿದ್ದರು. ಮುಟ್ಟುವ ಮೊದಲು, "ಈಗ ಹೊಟ್ಟೆ ಮೇಲೆ ಕೈ ಇಡ್ತೀನಿ" ಎಂದು ಹೇಳಿಯೇ ಮುಟ್ಟುತ್ತಿದ್ದರು. ಸೀರೆ ಸರಿಸಿದರೆ ಕೂಡಲೇ ಮೊಳಕಾಲಿಗೆ ದುಪ್ಪಟಿ ಹೊದಿಸುತ್ತಿದ್ದರು. ಇಂಥವು ಸಣ್ಣವೇ. ದೇವರು ನನಗೆ ಕೊಟ್ಟ ಒಳಿತುಗಳನ್ನು ನೆನೆಯುವಾಗ ಇವನ್ನೂ ಬಿಡುವುದಿಲ್ಲ.

ನನಗದು ಚೊಚ್ಚಲು. ನನ್ನವ್ವ ತಮ್ಮನನ್ನು ಹೆರುವಾಗ ನಮ್ಮೂರು ಭೀಮನಬೀಡಿನ ಮನೆಯಲ್ಲಿ ತೀರಿಕೊಂಡಿದ್ದಳು. ಹೆಂಗಸರೆಲ್ಲ ಸೂಲಗಿತ್ತಿಯನ್ನು ಕರೆಯಲು, ನೀರು ಕಾಯಿಸಲು ಎಂದು ಹೊರಗೆ ಹೋದಾಗ ಅವಳೊಬ್ಬಳೇ ಕೋಣೆಯಲ್ಲಿದ್ದಳು. ಯಾರೋ ಬಾಗಿಲು ತೆರೆದು ನೋಡುವಾಗ ಉಸಿರಿರಲಿಲ್ಲ. ಅದಕ್ಕೇ ಅಪ್ಪ ಹಟ ಹಿಡಿದು ಗಾಡಿ ಕಟ್ಟಿಸಿ ನನ್ನನ್ನು ಆಸ್ಪತ್ರೆಗೆ ಕಳಿಸಿದ್ದು. ಆದರೆ ಇಲ್ಲಿ ಒಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಸಾಯುವುದಕ್ಕಿಂತ ಒಬ್ಬಳೇ ಸಾಯುವ ಭಯವೇ ನನಗೆ ಹೆಚ್ಚು.

"ನನ್ನೊಬ್ಳನ್ನೇ ಬುಟ್ಬುಟ್ಟು ಓಗ್ಬೇಡಿ ನರ್ಸಮ್ಮ" ಎಂದೆ. ಅವರು ಬಾಗಿಲ ಕಡೆ ನೋಡಿದರು. ಹೊರಗೆ ಇನ್ನೂ ಎಷ್ಟೋ ಬಸುರಿಯರು ಕಾಯುತ್ತಿದ್ದರು.

ಅಷ್ಟರಲ್ಲಿ ಜಗುಲಿಯಿಂದ ನಮ್ಮತ್ತೆಯ ಗಂಟಲು ಕೇಳಿತು. ನಮ್ಮ ಕಡೆ ಹೆರಿಗೆಯ ಮನೆಯಲ್ಲಿ ಪೆಟ್ಟಿಗೆ, ಬೀಗ, ಜಡೆ, ಗಂಟು ಏನಿದ್ದರೂ ಬಿಚ್ಚಿಡಬೇಕು. ಮುಚ್ಚಿದ್ದು ಒಂದಿದ್ದರೂ ಮಗು ತಡೆಯುತ್ತದೆಂಬ ನಂಬಿಕೆ. ಅತ್ತೆ ಬಾಗಿಲ ಸಂದಿಯಲ್ಲಿ ಔಷಧಿ ಬೀರು ಕಂಡುಬಿಟ್ಟಿದ್ದರು.

"ನರ್ಸಮ್ಮೋ, ಆ ಬೀರ್ಗೆ ಅಷ್ಟು ದಪ್ಪ ಬೀಗ ಜಡ್ದಿದ್ದೀರಲ್ಲ! ಮಗ ಎತ್ತಗಿಂದ ಬಂದಾತು? ತಗೀರಿ ಮೊದ್ಲು!"

ಒಳಗಿದ್ದ ಆಯಾ ನಕ್ಕಳು. "ಅಜ್ಜಿ, ಅದ್ರಾಗಿರೋದು ಔಷ್ದಿ ಕಣಜ್ಜಿ, ನಿನ್ ಮೊಮ್ಮಗ ಅಲ್ಲ."

"ನೀನು ಬಾಯ್ಮುಚ್ಚಮ್ಮಿ, ಎಷ್ಟ್ ಮಕ್ಳ ಎತ್ತಿದ್ದೀಯೆ ನೀನು?"

ನರ್ಸಮ್ಮ ನಗಲಿಲ್ಲ. ಸೊಂಟದ ಕೀಲಿ ತೆಗೆದು ಬೀಗ ತೆರೆದರು, ಬೀರುವಿನ ಎರಡೂ ಬಾಗಿಲನ್ನು ಅಗಲಿಸಿದರು. "ತೆಗೆದೆ ಅಮ್ಮ, ನೋಡಿ" ಎಂದು ಅತ್ತೆಗೆ ತೋರಿಸಿದರು. ಆಯಾ ಗಾಬರಿಯಾದಳು. ಬೀರು ತೆರೆದಿದ್ದರೆ ಕೀಲಿ ಇಟ್ಟುಕೊಂಡವರು ಕೋಣೆ ಬಿಟ್ಟು ಕದಲುವಂತಿಲ್ಲ, ಅದು ಅಲ್ಲಿಯ ಕಟ್ಟಳೆ.

"ಹೊರಗಿನವ್ರನ್ನ ಚಿಕ್ಕ ನರ್ಸಿಗೆ ನೋಡಕ್ಕೆ ಹೇಳು. ನಾನು ಈಗ ಎಲ್ಲಿಗೂ ಹೋಗೋ ಹಾಗಿಲ್ಲ" ಎಂದು ಅವಳಿಗೆ ಹೇಳಿ, ಮುಕ್ಕಾಲಿ ಎಳೆದುಕೊಂಡು ನನ್ನ ತಲೆಯ ಬಳಿ ಕೂತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಬಾಯಾರಿದಾಗ ಜೀರಿಗೆ ನೀರನ್ನು ಚಮಚದಲ್ಲಿ ಬಿಟ್ಟರು. ಗಂಡಸರು ಓಡಾಡುವ ಜಾಗ ಎಂದು ಹಲ್ಲು ಕಚ್ಚಿಕೊಂಡಿದ್ದೆ. "ಕೂಗಿ ತಾಯಿ. ಇಲ್ಲಿ ಕೂಗದೆ ಇನ್ನೆಲ್ಲಿ ಕೂಗ್ತೀರಿ?" ಎಂದರು. ಕೂಗಿದೆ. ಹೊತ್ತು ಇಳಿಯುವ ವೇಳೆಗೆ ಮಗಳು ಹುಟ್ಟಿದಳು, ಸಲೀಸಾಗಿ.

"ಬೀಗ ತಗ್ಸಿದ್ಕೆ ಕಣ್ರಿ!" ಅತ್ತೆ ಜಗುಲಿಯಲ್ಲಿ ಕೂತವರಿಗೆಲ್ಲ ಸಾರಿದರು.

"ಹೌದಮ್ಮ, ನಿಮ್ಮಿಂದಲೇ" ಎಂದರು ನರ್ಸಮ್ಮ. ಅತ್ತೆಯ ಮಾತಿಗೆ ತೆಗೆದರೋ, ನನ್ನ ಮಾತಿಗೋ, ನಾನು ಕೇಳಲಿಲ್ಲ.

ಪುರುಡು ಕಳೆಯುವ ತನಕ ಮನೆಯವರು ನನ್ನನ್ನು ಮುಟ್ಟುತ್ತಿರಲಿಲ್ಲ. ಆಸ್ಪತ್ರೆಯಲ್ಲಿದ್ದಷ್ಟು ದಿನ ಮುಟ್ಟಿದವರು ನರ್ಸಮ್ಮ ಒಬ್ಬರೇ. ಕಿಟಕಿಯಿಂದ ಅವರ ಕ್ವಾರ್ಟರ್ಸಿನ ಮೆಟ್ಟಿಲು ಕಾಣುತ್ತಿತ್ತು. ಬಿಡುವಿದ್ದಾಗ ಅಲ್ಲಿ ಕೂತು ಒಬ್ಬರಿಗೆ ಬೇಕಾಗುವಷ್ಟು ಅಕ್ಕಿ ಆರಿಸುತ್ತಿದ್ದರು. ಯಾರೂ ಬಂದದ್ದನ್ನು ಕಾಣೆ.

"ನಿಮ್ಗೆ ಯಾರೂ ಇಲ್ವಾ ನರ್ಸಮ್ಮ?"

"ಇದ್ದಾರೆ. ದೂರ ಇದ್ದಾರೆ" ಎಂದು ಮಗುವಿನ ಹೊಕ್ಕುಳು ಒರೆಸತೊಡಗಿದರು.

ಮುಂದೆ ಅವರಿಗೆ ಚಾಮರಾಜನಗರಕ್ಕೆ ವರ್ಗವಾಯಿತು. ನಾನು ಹೋಗಿ ಕಾಣಲಿಲ್ಲ. ಮನೆ, ಮಕ್ಕಳು, ದನ, ಹೊಲ. ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗಲೆಲ್ಲ ಅವರ ಪಾಲಿಗೂ ಒಂದು ದೀಪ ಹಚ್ಚುತ್ತಿದ್ದೆ. ಅವರ ದೇವರು ಬೇರೆ. ನಮ್ಮ ಸ್ವಾಮಿ ತಪ್ಪು ತಿಳಿಯಲಾರ.

ಮಗಳು ಶಾಲೆಗೆ ಹೋಗುವ ಹೊತ್ತಿಗೆ, ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಆಯಾ ಸಿಕ್ಕಳು. "ನರ್ಸಮ್ಮ ಓಗ್ಬುಟ್ರು ಕಣವ್ವ. ಜ್ವರ ಬಂದಿತ್ತಂತೆ" ಎಂದಳು.

"ಪಕ್ಕದಲ್ಲಿ ಯಾರಿದ್ರು?"

"ಅದ್ಯಾರಿಗೆ ಗೊತ್ತವ್ವ?" ಎಂದು ಬಸ್ಸು ಹತ್ತಿದಳು.

ಆಗಿಹೋದದ್ದಕ್ಕೆ ಹರಕೆ ಹೊರಬಾರದು ಎನ್ನುತ್ತಾರೆ. ನಾನು ಇಂದಿಗೂ ದೀಪದ ಮುಂದೆ ನಿಂತು ಬೇಡುತ್ತೇನೆ: ಸ್ವಾಮಿ, ಆವತ್ತು ಆ ಹೊತ್ತಿನಲ್ಲಿ ಅವರ ಬಳಿ ಯಾರಾದರೂ ಒಬ್ಬರು ಇದ್ದಿರಲಿ.