ರೆಕಾರ್ಡು ಮುಗಿಯುವ ಮುಂಚೆ

೧೯೭೧ರಲ್ಲಿ ಏಳನೇ ಕ್ಲಾಸಿಗೆ ನನ್ನ ಓದು ನಿಂತಿತು. ಚನ್ನಗಿರಿಯಲ್ಲಿ ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ; ಅವನ ಕೈ ನಡುಗಾಕೆ ಶುರುವಾದ ಮೇಲೆ ಕುಂಚ ನನ್ನ ಕೈಗೆ ಬಂತು. ಹೇಳಿಕೊಟ್ಟಿದ್ದು ಕಡಿಮೆ, ಬೈದಿದ್ದು ಹೆಚ್ಚು. ಆಮೇಲೆ ಒಂದು ಟೂರಿಂಗ್ ಟಾಕೀಸಿಗೆ ಸೇರಿದೆ. ಇಂಟರ್‌ವಲ್ಲಿನಲ್ಲಿ ತೋರಿಸುವ ಜಾಹೀರಾತಿನ ಗಾಜಿನ ಸ್ಲೈಡು ಬರೆಯುವುದು ಕೆಲಸ. ಹೊನ್ನಾಳಿ, ನ್ಯಾಮತಿ, ಜಗಳೂರು, ಟೆಂಟ್ ಎಲ್ಲಿ ಎದ್ದರೂ ಪರದೆ ತುಂಬ ನನ್ನ ಅಕ್ಷರ. ಕಾಲೇಜು ಓದಿದವರ ಅಕ್ಷರವನ್ನು ಅಷ್ಟು ದೊಡ್ಡದಾಗಿ ಯಾರೂ ನೋಡಿರಲಿಲ್ಲ.

ಆಗ ಊರೂರಿಗೆ ಸದ್ದು ಬಂದ ಕಾಲ. ಹೋಟೆಲಿಗೊಂದು ರೇಡಿಯೊ, ಮದುವೆಗೊಂದು ಮೈಕು, ಎಲೆಕ್ಷನ್ನಿನ ಜೀಪು, ನಮ್ಮ ಟೆಂಟಿನ ಹಾರ್ನ್ ಸ್ಪೀಕರು ಬೇರೆ. ನ್ಯಾಮತಿಯ ಹೋಟೆಲಿನಲ್ಲಿ ಒಬ್ಬ ದೋಸೆ ಮುರಿದು ಕೈಯಲ್ಲಿ ಹಿಡಿದು, ಒಮ್ಮೆ ರೇಡಿಯೊ ಕಡೆ, ಒಮ್ಮೆ ಜೀಪಿನ ಕಡೆ ತಿರುಗುತ್ತ ಕೂತಿದ್ದ. ತುತ್ತು ಬಾಯಿಗೆ ಹೋಗಲೇ ಇಲ್ಲ. ಇವನನ್ನು ಪರದೆ ಮೇಲೆ ಕುಣಿಸಬೇಕು ಅನ್ನಿಸಿತು.

ಮಳೆಗಾಲಕ್ಕೆ ಟೆಂಟ್ ಬಿಚ್ಚಿಟ್ಟಾಗ, ಹರಿದ ರೀಲನ್ನು ಬಿಸಿನೀರಿನಲ್ಲಿ ನೆನೆಹಾಕಿ ಉಜ್ಜಿದೆ. ಚಿತ್ರವೆಲ್ಲ ಹೋಗಿ ಗಾಜಿನಂತಾಯಿತು. ಅದರ ಒಂದೊಂದು ಚಿತ್ರದ ಮನೆಯಲ್ಲೂ ಸ್ಲೈಡಿನ ಕಪ್ಪು ಮಸಿಯಿಂದ ಆ ದೋಸೆಯವನನ್ನು ಬರೆದೆ, ಕಡ್ಲೆಬೀಜದಷ್ಟು ಮನುಷ್ಯ. ಒಂದು ಸೆಕೆಂಡಿನ ಆಟಕ್ಕೆ ಇಪ್ಪತ್ನಾಲ್ಕು ಸಲ ಅವನನ್ನೇ ಬರೀಬೇಕು. ಟಾಕೀಸಿನಲ್ಲಿ ಮಾತಿಲ್ಲದ ಒಂದು ಬ್ಯಾಂಡಿನ ರೆಕಾರ್ಡಿತ್ತು. ಅದರ ಡೋಲಿನ ಒಂದೊಂದು ಏಟಿಗೆ ಅವನ ಕತ್ತು ಒಂದೊಂದು ಕಡೆ. ತಿರುಗಿ ತಿರುಗಿ ಕತ್ತು ಹಗ್ಗದಂತೆ ಹೊಸೆದುಕೊಂಡು, ಕೊನೆಗೆ ದೋಸೆಯೇ ಎದ್ದು ನಡೆದುಬಿಡುತ್ತದೆ.

“ಏನ್ರೀ ಪೇಂಟರ್ರೇ, ಇರುವೆಗೆ ಅಂಗಿ ಹೊಲಿಯಾಕ್ ಹತ್ತೀರೇನು?” ಅಂತ ಮೆಷಿನ್ ಓಡಿಸುವ ಆಪರೇಟರು ದಿನಾ ಕೆಣಕುತ್ತಿದ್ದ.

ಟಾಕೀಸಿನ ಸಾಹುಕಾರ್ರು ರೀಲನ್ನು ಬಿಸಿಲಿಗೆ ಹಿಡಿದು ನೋಡಿದರು. “ಇಂಟರ್‌ವಲ್ ಜಾಹೀರಾತಿಗೆ ದುಡ್ಡು ಕೊಡೋ ಅಂಗಡಿಯೋರದ್ದು. ಜಗಳೂರು ಕ್ಯಾಂಪಿನಾಗೆ ಆಟಕ್ಕೆ ಮುಂಚೆ ಹಾಕೋಣ. ಜನ ಕೂತು ನೋಡಿದ್ರೆ ಸ್ಲೈಡಿಗೆ ಬೇರೆಯೋರ್ನ ಇಡ್ತೀನಿ, ನೀನು ಇದನ್ನೇ ಮಾಡ್ಕೊಂಡಿರು. ನೋಡ್ಲಿಲ್ಲ ಅಂದ್ರೆ ಮತ್ತೆ ಇದರ ಮಾತು ಎತ್ತಬ್ಯಾಡ.”

ಟೆಂಟಿನ ಪದ್ಧತಿ ಹೀಗೆ: ಸಂಜೆಯಿಂದ ಹೊರಗಿನ ಹಾರ್ನಿನಲ್ಲಿ ರೆಕಾರ್ಡು ಹಾಕುತ್ತಾರೆ, ಕೊನೆಗೆ ದೇವರ ಹಾಡು. ಅದು ಬರುವ ತನಕ ಜನ ಮನೆಯಲ್ಲಿ ನಿಧಾನಕ್ಕೆ ಉಣ್ಣುತ್ತಾರೆ. ಅದು ಕೇಳಿದರೆ ಕೈ ತೊಳೆದು ಓಡಿ ಬರುತ್ತಾರೆ. ನನ್ನ ಬ್ಯಾಂಡು ಅದಕ್ಕೂ ಮುಂಚೆ, ಒಳಗೂ ಹೊರಗೂ ಒಟ್ಟಿಗೇ ಮೊಳಗಿತು. ಎರಡಕ್ಕೂ ಒಂದೇ ಆಂಪ್ಲಿಫೈಯರ್. ಊರಿನವರಿಗೆ ಅದರ ಅರ್ಥ ಒಂದೇ: ಇನ್ನೂ ಹೊತ್ತೈತೆ. ಪರದೆಯ ಮೇಲೆ ನನ್ನ ದೋಸೆಯವನು ಡೋಲಿಗೆ ಸರಿಯಾಗಿ ಕತ್ತು ತಿರುಗಿಸಿದ. ಒಂದು ಏಟೂ ತಪ್ಪಲಿಲ್ಲ. ಟೆಂಟಿನೊಳಗೆ ಇದ್ದವನು ಸೋಡಾ ಮಾರುವವನೊಬ್ಬನೇ; ಪರದೆಗೆ ಬೆನ್ನು ಹಾಕಿ ಬಾಟ್ಲಿ ಜೋಡಿಸುತ್ತಿದ್ದ.

“ನಾಳೆ ಅಷ್ಟೊತ್ತು ಹಾರ್ನ್ ಬಂದ್ ಮಾಡ್ರಿ” ಅಂದೆ.

“ಹಾರ್ನ್ ಬಂದಾದ್ರೆ ಆಟ ಇಲ್ಲ ಅಂತ ಮಲಗ್ತಾರೆ ಕಣಪ್ಪ” ಅಂದರು ಸಾಹುಕಾರ್ರು. ಆ ಮಾತೂ ಸರಿಯೇ ಇತ್ತು.

ಮಾರನೇ ದಿನ ದೇವರ ಹಾಡಾದ ಮೇಲೆ ಹಾಕಿದರು. ಟೆಂಟ್ ತುಂಬಿತ್ತು, ಪಕ್ಕದ ಬಿಳಿಚೋಡಿನ ಕಡೆಯವರೂ ಬಂದಿದ್ದರು. ಬೆಳ್ಳನೆ ಪರದೆಯ ಮೇಲೆ ಕಪ್ಪು ಗೆರೆ ಕುಣಿಯಾಕೆ ಹತ್ತಿತು.

“ಲೇ, ರೀಲು ಗೀಚಿ ಹೋಗೈತೆ” ಅಂದ ನೆಲದ ಕ್ಲಾಸಿನಲ್ಲಿ ಒಬ್ಬ.

“ಆಪರೇಟ್ರು ನಿದ್ದೆ ಹೋಗ್ಯಾನೆ, ಎಬ್ಬಿಸ್ರೋ.”

ಸಿಳ್ಳೆ ಬಿತ್ತು. “ಸವಕಲು ಪಿಚ್ಚರ್ ತೋರ್ಸಾಕೆ ಟಿಕೆಟ್ ಯಾಕ್ರೀ?” ಅಂತ ಹೆಂಗಸರ ಕಡೆಯಿಂದಲೂ ಬಂತು. ಪರದೆಯ ಮೇಲೆ ಅವನ ಕತ್ತು ಇನ್ನೂ ಅರ್ಧ ಹೊಸೆದುಕೊಂಡಿತ್ತು ಅಷ್ಟೆ. ಸಾಹುಕಾರ್ರು ಕೈ ಬೀಸಿದರು, ಆಪರೇಟರು ಮೆಷಿನ್ ನಿಲ್ಲಿಸಿದ. ದೊಡ್ಡ ಪಿಚ್ಚರ್ ಶುರುವಾದ ಕೂಡಲೆ ಎಲ್ಲರೂ ತೆಪ್ಪಗಾದರು.

ಬೆಳಿಗ್ಗೆ ಸಾಹುಕಾರ್ರು ಜವಳಿ ಅಂಗಡಿಯ ಸ್ಲೈಡಿಗೆ ಗಾಜು ಕೊಟ್ಟು ಹೋದರು. ಬರೆದೆ. ಆವತ್ತೂ ನನ್ನ ಅಕ್ಷರ ಸೊಟ್ಟ ಆಗಲಿಲ್ಲ. ನನ್ನ ರೀಲನ್ನು ಆಪರೇಟರು ತುಂಡು ಮಾಡಿ ಬೇರೆ ರೀಲುಗಳ ತುದಿಗೆ ಅಂಟಿಸಿಕೊಂಡ. ಮೆಷಿನ್ನಿಗೆ ಸಿಕ್ಕಿಸುವ ತುದಿ ಅದು, ಪರದೆಗೆ ಬೆಳಕು ಬಿಡುವ ಮುಂಚೆಯೇ ಓಡಿಹೋಗುತ್ತದೆ. ಎಂಬತ್ತರ ದಶಕದಲ್ಲಿ ಟಿವಿ ಬಂದು ಟೆಂಟೂ ಹೋಯಿತು. ಇನ್ನೊಂದನ್ನು ನಾನು ಬರೆಯಲಿಲ್ಲ. ಯಾರಿಗೆ ಅಂತ ಬರೆಯೋದು?

ಈಗ ನನ್ನ ಹತ್ತಿರ ಇರೋದು ಇಷ್ಟು. ಕುಂಚ ಎರಡು. ಬ್ಯಾಂಡಿನ ರೆಕಾರ್ಡು ಒಂದು, ಹಾಕಾಕೆ ಪೆಟ್ಟಿಗೆ ಇಲ್ಲ. ನನ್ನ ರೀಲಿನ ಉಳಿದ ತುಂಡು ಗೇಣುದ್ದ. ಅದರಲ್ಲಿ ಚಿತ್ರ ಹನ್ನೆರಡು, ಅರ್ಧ ಸೆಕೆಂಡಿನ ಆಟ.